ಲಿನಿಯಾ ಟಿ-ಜೆಟ್: ಫ್ಯೂಯಲ್ ಪ್ರೆಶರ್ ಸೆನ್ಸರ್ ಹಾಕಿ ಲಾಗ್ ತೆಗೆದೆ. ಪಂಪ್ ಬದಲಿಸಬೇಕಾ?

ಉಣಕಲ್_ಟರ್ಬೊ

ನಮಸ್ಕಾರ ಎಲ್ಲರಿಗೂ. ಕಾರು ಲಿನಿಯಾ ಟಿ-ಜೆಟ್, 1.4 ಟರ್ಬೊ ಪೆಟ್ರೋಲ್. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ರೀಮ್ಯಾಪ್ (ಇಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಾವಣೆ) ಹಿಂದಿನ ಓನರ್ ಕಾಲದಲ್ಲೇ ಆಗಿದೆ, ಜೊತೆಗೆ ಡೌನ್‌ಪೈಪ್ (ಟರ್ಬೊ ನಂತರದ ಹೊಗೆ ಪೈಪ್). ಬೂಸ್ಟ್, ಅಂದರೆ ಟರ್ಬೊ ತಳ್ಳುವ ಹೆಚ್ಚುವರಿ ಗಾಳಿಯ ಪ್ರೆಶರ್, 0.8 ಬಾರ್ ಆಸುಪಾಸು. ಉಳಿದದ್ದೆಲ್ಲ ಕಂಪನಿಯದ್ದೇ.

ಪಿಕಪ್‌ಗೆ ಏನೂ ಕೊರತೆ ಇಲ್ಲ. ಆದರೆ ವೈಡ್‌ಬ್ಯಾಂಡ್ (ಹೊಗೆ ನೋಡಿ ಗಾಳಿ-ಪೆಟ್ರೋಲ್ ಪ್ರಮಾಣ ಹೇಳುವ ಸೆನ್ಸರ್) ಹಾಕಿಸಿದ ಮೇಲೆ ತಲೆಬಿಸಿ ಶುರುವಾಯ್ತು. ಅದು ಹೇಳೋದು ಲ್ಯಾಂಬ್ಡಾ: 1 ಅಂದರೆ ಸಮ, ಕೆಳಗೆ ಹೋದಷ್ಟೂ ಪೆಟ್ರೋಲ್ ಜಾಸ್ತಿ (ರಿಚ್), ಮೇಲೆ ಏರಿದಷ್ಟೂ ಕಡಿಮೆ (ಲೀನ್). ಫುಲ್ ಥ್ರಾಟಲ್‌ನಲ್ಲಿ ಲ್ಯಾಂಬ್ಡಾ 0.82 ಇರಬೇಕು, ರೀಮ್ಯಾಪ್ ಫೈಲ್‌ನಲ್ಲಿ ಟಾರ್ಗೆಟ್ ಅಷ್ಟೇ ಇದೆ. 4500 ಆರ್‌ಪಿಎಂವರೆಗೆ ಹಾಗೇ ಇರುತ್ತದೆ. ಆಮೇಲೆ ಮೆಲ್ಲಗೆ ಏರಿ 5800ಕ್ಕೆ 0.88 ಆಗುತ್ತದೆ. ಟರ್ಬೊ ಗಾಡಿಗೆ ಇದು ಒಳ್ಳೆಯ ಲಕ್ಷಣ ಅಲ್ಲ ಅಂತ ಗೊತ್ತು.

ಒಂದು ಗ್ಯಾರೇಜ್‌ನಲ್ಲಿ ಗೇಜ್ ಹಾಕಿ ನೋಡಿದರು. ಐಡಲ್‌ನಲ್ಲಿ 3.5 ಬಾರ್ ಬಂತು. "ಪಂಪ್ ಫಸ್ಟ್ ಕ್ಲಾಸ್ ಐತಿ, ಇಂಜೆಕ್ಟರ್ ಬಿಚ್ಚೋಣ್ರಿ" ಅಂದರು. ಇನ್ನೊಂದು ಕಡೆ ಬಾನೆಟ್ ಸಹ ಎತ್ತಲಿಲ್ಲ. "ಪಂಪ್ ಹೋಗೇತಿ, ಗಂಟೆಗೆ 255 ಲೀಟರ್ ತಳ್ಳೋದು ಹಾಕಿಬಿಡೋಣ" ಅಂದರು. ಯಾರನ್ನು ನಂಬೋದು? ಫಿಯೆಟ್ ಇಲ್ಲಿಂದ ಹೋದ ಮೇಲೆ ಟ್ಯಾಂಕ್ ಒಳಗಿನ ಪಂಪ್ ಮಾಡ್ಯೂಲ್ ಸುಲಭಕ್ಕೆ ಸಿಗಲ್ಲ. ಸುಮ್ನೆ ಊಹೆ ಮೇಲೆ ದುಡ್ಡು ಸುರಿಯೋದು ಬೇಡ ಅಂತ ಸೆನ್ಸರ್ ತರಿಸಿದೆ.

ಸೆನ್ಸರ್ ಮೂರು ವೈರಿನದ್ದು. 5 ವೋಲ್ಟ್, ಗ್ರೌಂಡ್, ಸಿಗ್ನಲ್. ಸೊನ್ನೆಯಿಂದ 10 ಬಾರ್, ಔಟ್‌ಪುಟ್ 0.5ರಿಂದ 4.5 ವೋಲ್ಟ್. ಅಂದರೆ ವೋಲ್ಟೇಜಿನಿಂದ 0.5 ಕಳೆದು 2.5ರಿಂದ ಗುಣಿಸಿದರೆ ಬಾರ್. ರೈಲ್‌ಗೆ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಪೈಪ್) ಬರುವ ಲೈನ್‌ನಲ್ಲಿ ಕ್ವಿಕ್ ಕನೆಕ್ಟ್ ಇರುವ ಜಾಗದಲ್ಲಿ ಟೀ ಅಡಾಪ್ಟರ್ ಹಾಕಿದೆ. ಲೈನ್ ಕತ್ತರಿಸಿಲ್ಲ. ವಾಪಸ್ ಲೈನ್ ಇಲ್ಲ, ರೆಗ್ಯುಲೇಟರ್ ಟ್ಯಾಂಕ್‌ನಲ್ಲೇ ಇದೆ.

ವೈಡ್‌ಬ್ಯಾಂಡ್ ಮತ್ತು ಪ್ರೆಶರ್ ಒಂದೇ ಲಾಗರ್‌ಗೆ ಹೋಗುತ್ತವೆ. ಆರ್‌ಪಿಎಂ, ಮ್ಯಾನಿಫೋಲ್ಡ್ (ಇಂಜಿನ್ನಿಗೆ ಗಾಳಿ ಹೋಗುವ ಕೊಳವೆ) ಪ್ರೆಶರ್ ಓಬಿಡಿಯಿಂದ, ಅಂದರೆ ಗಾಡಿಯ ಡಯಾಗ್ನೋಸ್ಟಿಕ್ ಸಾಕೆಟ್‌ನಿಂದ. ಬಂದದ್ದು ಹೀಗಿದೆ: ಐಡಲ್‌ನಲ್ಲಿ 3.5. ಫುಲ್ ಥ್ರಾಟಲ್‌ನಲ್ಲಿ 4500ರವರೆಗೆ 3.5 ಕದಲಲ್ಲ. 5200ಕ್ಕೆ 3.1. 5800ಕ್ಕೆ 2.9.

ಈಗ ಹೇಳಿ. ಪಂಪ್ ಆರ್ಡರ್ ಮಾಡಲಾ?

ಗೋಕುಲ್‌ರೋಡ್_ಲೇತ್

ತಮ್ಮಾ, ಪಂಪ್ ಆಮೇಲೆ. ಮೊದಲು ಆ ಟೀ ಅಡಾಪ್ಟರ್‌ದು ಫೋಟೊ ಹಾಕು. ಸೆನ್ಸರ್ ಎಷ್ಟು ಭಾರ ಐತಿ? ಹಿತ್ತಾಳೆ ನಿಪ್ಪಲ್ ಮೇಲೆ ಅದನ್ನು ನೇರ ನಿಲ್ಲಿಸಿದ್ದರೆ ಇಂಜಿನ್ ನಡುಗಿದ ಹಾಗೆಲ್ಲ ಆ ನಿಪ್ಪಲ್ ಬಾಗುತ್ತಾ ಇರುತ್ತದೆ. ಕಣ್ಣಿಗೆ ಕಾಣಲ್ಲ. ಒಂದು ದಿನ ಥ್ರೆಡ್ ಬುಡದಲ್ಲಿ ಪಟ್ ಅಂತ ಮುರಿಯುತ್ತದೆ. ಆಗ 3.5 ಬಾರ್ ಪೆಟ್ರೋಲ್ ಬಿಸಿ ಟರ್ಬೊ ಮೇಲೆ ಪಿಚಕಾರಿ ಹೊಡೆಯುತ್ತದೆ.

ಎರಡನೇದು ಥ್ರೆಡ್. ನೀವು ತರಿಸಿದ ಸೆನ್ಸರ್ 1/8 ಎನ್‌ಪಿಟಿ ಇದ್ದರೆ ಇಂಚಿಗೆ 27 ಥ್ರೆಡ್. ನಮ್ಮ ಕಡೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗೋ ಪೈಪ್ ಫಿಟಿಂಗ್ ಬಿಎಸ್‌ಪಿ, ಇಂಚಿಗೆ 28. ಥ್ರೆಡ್ ಕೋನವೂ ಬೇರೆ, ಒಂದು 60 ಡಿಗ್ರಿ, ಒಂದು 55. ಎರಡು ಮೂರು ಸುತ್ತು ಆರಾಮಾಗಿ ಹೋಗಿ ಬಿಗಿಯಾಗುತ್ತದೆ. ಹುಡುಗರು "ಕೂತಿತು" ಅಂದುಕೊಂಡು ಪಾನಾ ಹಾಕಿ ಎಳೀತಾರೆ. ಅದು ಕೂತಿರಲ್ಲ, ಕಚ್ಚಿಕೊಂಡಿರುತ್ತದೆ. ಟೆಫ್ಲಾನ್ ಟೇಪ್ ಸುತ್ತಿದರೆ ನೀರಿಗೆ ನಡೆಯುತ್ತದೆ, ಇಲ್ಲಿ ಬೇಡ. ಟೇಪಿನ ಎಳೆ ಕಿತ್ತು ಇಂಜೆಕ್ಟರ್‌ಗೆ ಹೋಗುತ್ತದೆ. ಪೆಟ್ರೋಲ್ ತಡೆಯುವ ಲಿಕ್ವಿಡ್ ಸೀಲಂಟ್ ತಗೋ, ಮೊದಲ ಒಂದೆರಡು ಥ್ರೆಡ್ ಖಾಲಿ ಬಿಟ್ಟು ಹಚ್ಚು.

ಉಣಕಲ್_ಟರ್ಬೊ

ಕಾಕಾ, ಎರಡೂ ಕಡೆ ಎನ್‌ಪಿಟಿನೇ. ಸೆನ್ಸರ್ ನೇರ ನಿಂತಿಲ್ಲ. ಗಿಡ್ಡ ಬ್ರೇಡೆಡ್ ಹೋಸ್ ಹಾಕಿ ಸ್ಟ್ರಟ್ ಟವರ್ ಹತ್ತಿರ ಬ್ರ್ಯಾಕೆಟ್‌ಗೆ ಕಟ್ಟಿದ್ದೇನೆ. ಟರ್ಬೊದಿಂದ ದೂರ ಇದೆ. ಹೋಸ್ ಫ್ಯೂಯಲ್ ಇಂಜೆಕ್ಷನ್‌ಗೆ ಅಂತಲೇ ಇರುವ ಜೆ30ಆರ್9. ಸೆನ್ಸರ್ ಬಾಡಿ ಸ್ಟೀಲ್, ಒಳಗಿನ ಸೀಲ್ ವೈಟನ್ (ಪೆಟ್ರೋಲ್ ತಡೆಯುವ ರಬ್ಬರ್).

ಗೋಕುಲ್‌ರೋಡ್_ಲೇತ್

ಹಂಗಾದ್ರ ಬರೋಬ್ಬರಿ. ಇ20 (20 ಪರ್ಸೆಂಟ್ ಎಥೆನಾಲ್ ಬೆರೆಸಿದ ಪೆಟ್ರೋಲ್) ಬಂದ ಮೇಲೆ ಸಾದಾ ರಬ್ಬರ್ ಹೋಸು, ಸಾದಾ ಸೀಲು ಹಾಕಿ ನಮ್ಮಲ್ಲಿ ಭಾಳ ಮಂದಿ ಬರ್ತಾರೆ. ಉಬ್ಬಿ ಮೆತ್ತಗಾಗಿರುತ್ತವೆ. ಹೋಸ್ ಕ್ಲಿಪ್ ಯಾವುದು? ಪಟ್ಟಿಯಲ್ಲಿ ತೂತು ಇರುವ ಸ್ಕ್ರೂ ಕ್ಲಿಪ್ ರಬ್ಬರ್ ಕೊಯ್ಯುತ್ತದೆ, ಅಂಚು ಮಡಚಿದ ಇಂಜೆಕ್ಷನ್ ಕ್ಲಿಪ್ಪೇ ಹಾಕು.

ಮಾಡರೇಟರ್

ಹೊಸಬರು ಇದನ್ನು ಓದಿ ಸ್ಪ್ಯಾನರ್ ಹಿಡಿಯುವ ಮೊದಲು ಒಂದು ಮಾತು. ಪಂಪ್ ಫ್ಯೂಸ್ ಕಿತ್ತು, ಇಂಜಿನ್ ತಾನಾಗಿ ಆಫ್ ಆಗುವವರೆಗೆ ಓಡಿಸಿ, ಲೈನ್‌ನ ಪ್ರೆಶರ್ ಇಳಿಸಿ. ಬ್ಯಾಟರಿ ಮೈನಸ್ ಬಿಚ್ಚಿ. ಇಂಜಿನ್ ತಣ್ಣಗಿರಬೇಕು. ಪಕ್ಕದಲ್ಲಿ ಎಬಿಸಿ ಪೌಡರ್ ಸಿಲಿಂಡರ್ ಇರಬೇಕು. ಮುಚ್ಚಿದ ಶೆಡ್‌ನಲ್ಲಿ ಬೇಡ. ಜೋಡಿಸಿದ ಮೇಲೆ ಸ್ಟಾರ್ಟ್ ಮಾಡಬೇಡಿ. ಕೀ ಆನ್ ಮಾತ್ರ ಮಾಡಿ, ಪಂಪ್ ಒಮ್ಮೆ ಪ್ರೈಮ್ ಆಗಲಿ, ಟಿಶ್ಯೂ ಒತ್ತಿ ಪ್ರತಿ ಜಾಯಿಂಟ್ ನೋಡಿ.

ಮೆಕ್ಯಾನಿಕಲ್ ಗೇಜ್ ಹಾಕೋಣ ಅಂತ ಪೆಟ್ರೋಲ್ ಪೈಪನ್ನು ಡ್ಯಾಶ್‌ಬೋರ್ಡ್‌ವರೆಗೆ ಎಳೆಯುವ ಯೋಚನೆ ಯಾರಿಗೂ ಬರದಿರಲಿ. ಸೆನ್ಸರ್ ಹಾಕುವುದರ ದೊಡ್ಡ ಲಾಭವೇ ಇದು, ಕ್ಯಾಬಿನ್ ಒಳಗೆ ವೈರ್ ಮಾತ್ರ ಬರುತ್ತದೆ.

ಮತ್ತೆ, ಉಣಕಲ್ ಅವರೇ, ಈ ಲಾಗ್ ಎಲ್ಲಿ ತೆಗೆದಿರಿ? ಹುಬ್ಬಳ್ಳಿ-ಧಾರವಾಡ ಬೈಪಾಸ್‌ನಲ್ಲಿ ಅಂತ ಹೇಳಬೇಡಿ. 2021ರ ಜನವರಿಯಲ್ಲಿ ಅಲ್ಲಿ ಇಟಿಗಟ್ಟಿ ಹತ್ತಿರ ಆದ ಭೀಕರ ಅಪಘಾತ ಇಲ್ಲಿ ಎಲ್ಲರಿಗೂ ಗೊತ್ತು.

ಉಣಕಲ್_ಟರ್ಬೊ

ಬೈಪಾಸ್ ಅಲ್ಲ ಸರ್. ಹಾವೇರಿ ಕಡೆ ವರೂರು ದಾಟಿದ ಮೇಲೆ, ಹೈವೇ ಅಗಲ ಇರುವಲ್ಲಿ, ಬೆಳಗ್ಗೆ ಬೇಗ. ಸೆಕೆಂಡ್ ಗೇರ್‌ನಲ್ಲಿ ಮಾತ್ರ. 5800ಕ್ಕೂ ಸ್ಪೀಡ್ 80ರ ಆಸುಪಾಸು ಇರುತ್ತದೆ, ಲಿಮಿಟ್ ಒಳಗೇ. ಲ್ಯಾಪ್‌ಟಾಪ್ ನೋಡಲು ನನ್ನ ತಮ್ಮ ಪಕ್ಕದಲ್ಲಿದ್ದ.

ಧಾರವಾಡ್_ಇ20

ಇದೆಲ್ಲ ಇ20 ಮಹಿಮೆ ಅಣ್ಣಾ. ಎಥೆನಾಲ್ ಜಾಸ್ತಿ ಆದರೆ ಪೆಟ್ರೋಲ್ ಜಾಸ್ತಿ ಬೇಕು, ಹಳೆ ರೀಮ್ಯಾಪ್‌ಗೆ ಅದು ಗೊತ್ತಿಲ್ಲ. ಲೀನ್ ಆಗದೆ ಇನ್ನೇನು?

ರಾಯಾಪುರ_ಲಾಗ್

ಅರ್ಧ ನಿಜ. ಇ10ಗೆ ಗಾಳಿ-ಪೆಟ್ರೋಲ್ ಅನುಪಾತ ಸುಮಾರು 14.1, ಇ20ಗೆ 13.5. ಹಾಗಾಗಿ ಸುಮಾರು 4 ಪರ್ಸೆಂಟ್ ಜಾಸ್ತಿ ಇಂಧನ ಬೇಕು. ಆದರೆ ಆ 4 ಪರ್ಸೆಂಟ್ 3000ಕ್ಕೂ ಬೇಕು, 5800ಕ್ಕೂ ಬೇಕು. ಇವರ ಗಾಡಿ 4500ರವರೆಗೆ ಟಾರ್ಗೆಟ್‌ನಲ್ಲೇ ಇದೆ. ಮೇಲೆ ಹೋದಾಗ ಮಾತ್ರ ಜಾರುತ್ತಿದೆ. ಬರೀ ಎಥೆನಾಲ್ ಹೀಗೆ ಮಾಡಲ್ಲ. ಲ್ಯಾಂಬ್ಡಾದಲ್ಲಿ ಬರೆದದ್ದು ಒಳ್ಳೆಯದಾಯ್ತು. ಎಎಫ್‌ಆರ್ (ಗಾಳಿ-ಪೆಟ್ರೋಲ್ ಅನುಪಾತ) ನಂಬರ್ ಬರೆದಿದ್ದರೆ ಅದರ ಮೇಲೇ ಜಗಳ ಆಗುತ್ತಿತ್ತು, ಯಾಕಂದರೆ ಗೇಜ್ ಸುಮ್ನೆ ಲ್ಯಾಂಬ್ಡಾನ 14.7ರಿಂದ ಗುಣಿಸಿ ತೋರಿಸುತ್ತದೆ, ಟ್ಯಾಂಕ್‌ನಲ್ಲಿ ಏನಿದೆ ಅಂತ ಅದಕ್ಕೆ ಗೊತ್ತಿಲ್ಲ.

ಈಗ ಪ್ರೆಶರ್ ವಿಷಯ. 3.5, 2.9 ಅಂತ ನೇರ ಓದಿದರೆ ಸಾಲದು. ಇಂಜೆಕ್ಟರ್‌ನ ಒಂದು ತುದಿಯಲ್ಲಿ ರೈಲ್, ಇನ್ನೊಂದು ತುದಿಯಲ್ಲಿ ಮ್ಯಾನಿಫೋಲ್ಡ್. ಪೆಟ್ರೋಲ್ ಎಷ್ಟು ಬೀಳುತ್ತದೆ ಅನ್ನೋದು ಇವೆರಡರ ವ್ಯತ್ಯಾಸದ ಮೇಲೆ ನಿಂತಿದೆ. ನಿಮ್ಮ ಸೆನ್ಸರ್ ಗೇಜ್ ಪ್ರೆಶರ್ ತೋರಿಸುತ್ತದೆ, ಹೊರಗಿನ ಗಾಳಿಯನ್ನು ಸೊನ್ನೆ ಅಂತ ಹಿಡಿಯುತ್ತದೆ. ಇಸಿಯು (ಇಂಜಿನ್ ಕಂಪ್ಯೂಟರ್) ತೋರಿಸುವ ಮ್ಯಾನಿಫೋಲ್ಡ್ ಪ್ರೆಶರ್ ಅಬ್ಸಲ್ಯೂಟ್, ಹೊರಗಿನ ಗಾಳಿಯನ್ನೂ ಸೇರಿಸಿಕೊಳ್ಳುತ್ತದೆ. ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡದೆ ಅದನ್ನು ಓದಿ. ಇಂಟರ್ನೆಟ್‌ನಲ್ಲಿ ಎಲ್ಲರೂ 101 ಕಿಲೊಪಾಸ್ಕಲ್ ಅಂತಾರೆ, ಅದು ಸಮುದ್ರದ ಪಕ್ಕದ ಮಾತು. ನಾವು 650 ಮೀಟರ್ ಆಸುಪಾಸಿನ ಎತ್ತರದಲ್ಲಿದ್ದೇವೆ, ಇಲ್ಲಿ 94ರ ಹತ್ತಿರ ಬರುತ್ತದೆ.

0.8 ಬೂಸ್ಟ್ ಅಂದರೆ 174 ಕಿಲೊಪಾಸ್ಕಲ್. ಬಾರ್ ಲೆಕ್ಕದಲ್ಲಿ, ರೈಲ್ 3.5ಕ್ಕೆ 0.94 ಕೂಡಿಸಿ 1.74 ಕಳೆಯಿರಿ, 2.7 ಬಂತು. ಪಂಪ್ ಸರಿ ಇದ್ದರೂ ಫುಲ್ ಬೂಸ್ಟ್‌ನಲ್ಲಿ ನಿಮ್ಮ ಇಂಜೆಕ್ಟರ್‌ಗೆ ಸಿಗೋದು ಇಷ್ಟೇ, ವಾಪಸ್ ಲೈನ್ ಇಲ್ಲದ ಸಿಸ್ಟಂ ಇರೋದೇ ಹೀಗೆ. ಇದು ಇಸಿಯುಗೆ ಗೊತ್ತು, ಅದರ ಲೆಕ್ಕದಲ್ಲಿ ಸೇರಿದೆ. ಆದರೆ ರೈಲ್‌ನಲ್ಲಿ 3.5 ಇದ್ದೇ ಇರುತ್ತದೆ ಅಂತ ಅದು ಕಣ್ಣು ಮುಚ್ಚಿ ನಂಬಿದೆ. 2.9ಕ್ಕೆ ಇಳಿದದ್ದು ಅದಕ್ಕೆ ಕಾಣಲ್ಲ.

2.9 ಇದ್ದಾಗ ವ್ಯತ್ಯಾಸ 2.1. ಹರಿವು ವ್ಯತ್ಯಾಸದ ವರ್ಗಮೂಲದ ಪ್ರಕಾರ ನಡೆಯುತ್ತದೆ. 2.1ನ್ನು 2.7ರಿಂದ ಭಾಗಿಸಿ ವರ್ಗಮೂಲ ತೆಗೆದರೆ 0.88. ಅಂದರೆ 12 ಪರ್ಸೆಂಟ್ ಪೆಟ್ರೋಲ್ ಕಡಿಮೆ.

ಇಲ್ಲಿ ಒಂದು ವಿಚಿತ್ರ ಇದೆ. 12 ಪರ್ಸೆಂಟ್ ಕಡಿಮೆ ಆದರೆ 0.82 ಇದ್ದ ಲ್ಯಾಂಬ್ಡಾ 0.93 ಆಗಬೇಕು. ನಿಮಗೆ 0.88 ಮಾತ್ರ ಬಂದಿದೆ. ಉಳಿದ ಪೆಟ್ರೋಲ್ ಎಲ್ಲಿಂದ ಬಂತು? ಇದನ್ನು ಬರೆದಿಟ್ಟುಕೊಳ್ಳಿ, ಆಮೇಲೆ ನೋಡೋಣ.

ಸಪ್ತಾಪುರ_ವೈರ್

ಸರ್, ಮಧ್ಯೆ ಬಂದದ್ದಕ್ಕೆ ಸಾರಿ. ನಾನೂ ಇದೇ ತರ 10 ಬಾರ್ ಸೆನ್ಸರ್ ಹಾಕಿದ್ದೇನೆ, ಆರ್ಡುಯಿನೊ ನ್ಯಾನೊ ಅನ್ನೋ ಸಣ್ಣ ಕಂಪ್ಯೂಟರ್ ಬೋರ್ಡ್‌ನಲ್ಲಿ ಓದುತ್ತೇನೆ. ಅಪ್ಪನ ಹಳೆ ಪಾಲಿಯೋ. ಮೆಕ್ಯಾನಿಕಲ್ ಗೇಜ್ 3.5 ತೋರಿಸಿದರೆ ನನ್ನ ಲಾಗ್ 3.8 ತೋರಿಸುತ್ತದೆ. ಮಲ್ಟಿಮೀಟರ್‌ನಲ್ಲಿ ಸಿಗ್ನಲ್ ವೈರ್ ಸರಿಯಾಗಿ 1.9 ವೋಲ್ಟ್ ಇದೆ. ಸೆನ್ಸರ್ ಡೂಪ್ಲಿಕೇಟಾ?

ರಾಯಾಪುರ_ಲಾಗ್

ಸೆನ್ಸರ್ ಸರಿ ಇದೆ. 1.9ರಲ್ಲಿ 0.5 ಕಳೆದು 2.5ರಿಂದ ಗುಣಿಸಿ, 3.5 ಬರುತ್ತದೆ. ಸೆನ್ಸರ್‌ಗೆ 5 ವೋಲ್ಟ್ ಎಲ್ಲಿಂದ ಕೊಟ್ಟಿದ್ದೀರಿ? ನ್ಯಾನೊಗೆ ಕರೆಂಟ್ ಎಲ್ಲಿಂದ?

ಸಪ್ತಾಪುರ_ವೈರ್

ಸೆನ್ಸರ್‌ಗೆ ಗಾಡಿಯ ಥ್ರಾಟಲ್ ಸೆನ್ಸರ್‌ನ 5 ವೋಲ್ಟ್ ವೈರಿನಿಂದ. ನ್ಯಾನೊಗೆ ಲ್ಯಾಪ್‌ಟಾಪ್ ಯುಎಸ್‌ಬಿಯಿಂದ.

ರಾಯಾಪುರ_ಲಾಗ್

ಸಿಕ್ತು ನೋಡಿ. ಯುಎಸ್‌ಬಿಯಿಂದ ಓಡಿಸಿದಾಗ ನ್ಯಾನೊದಲ್ಲಿ ದಾರಿ ಮೇಲೆ ಒಂದು ಡಯೋಡ್ ಇದೆ. ಅದರ ಆಚೆ 5 ಇರಲ್ಲ, 4.7ರ ಹತ್ತಿರ ಇರುತ್ತದೆ. ನ್ಯಾನೊ ಅದನ್ನೇ ಅಳತೆಗೋಲು ಮಾಡಿಕೊಳ್ಳುತ್ತದೆ. ನಿಮ್ಮ ಪ್ರೋಗ್ರಾಂ ಮಾತ್ರ ಅದು 5 ಅಂದುಕೊಂಡಿದೆ. ಹಾಗಾಗಿ 1.9 ವೋಲ್ಟ್ 2.02 ಆಗಿ ಕಾಣುತ್ತದೆ, 3.5 ಬಾರ್ 3.8 ಆಗುತ್ತದೆ.

ಸೆನ್ಸರ್‌ಗೂ ನ್ಯಾನೊದ 5 ವೋಲ್ಟ್ ಪಿನ್ನಿನಿಂದಲೇ ಕೊಡಿ. ಈ ಸೆನ್ಸರ್ ರೇಶಿಯೊಮೆಟ್ರಿಕ್. ಸಪ್ಲೈ 4.7 ಆದರೆ ಔಟ್‌ಪುಟ್ ಕೂಡ ಅದೇ ಪ್ರಮಾಣದಲ್ಲಿ ಇಳಿಯುತ್ತದೆ, ಅಳತೆಗೋಲೂ ಇಳಿದಿರುತ್ತದೆ, ಎರಡೂ ಹೊಂದಿಕೊಳ್ಳುತ್ತವೆ. ನ್ಯಾನೊದ 10 ಬಿಟ್ ಅಳತೆ ಸಾಕಾಗಲ್ಲ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಒಂದು ಮೆಟ್ಟಿಲು 0.012 ಬಾರ್, ನಮಗೆ ಧಾರಾಳ.

ಥ್ರಾಟಲ್ ಸೆನ್ಸರ್ ವೈರಿಗೆ ಕೈ ಹಾಕಿದ್ದನ್ನು ಇವತ್ತೇ ಬಿಚ್ಚಿ. ನಿಮ್ಮ ಹೊಸ ವೈರ್ ಎಲ್ಲಾದರೂ ಬಾಡಿಗೆ ತಾಗಿ ಶಾರ್ಟ್ ಆದರೆ ಇಸಿಯುನ 5 ವೋಲ್ಟ್ ಲೈನೇ ಕೂತುಬಿಡುತ್ತದೆ. ಥ್ರಾಟಲ್ ಸೆನ್ಸರ್ ಜೊತೆ ಆ ಲೈನ್‌ನಲ್ಲಿರುವ ಉಳಿದವೂ ಸಾಯುತ್ತವೆ. ನಡುರಸ್ತೆಯಲ್ಲಿ ಗಾಡಿ ನಿಲ್ಲುತ್ತದೆ.

ಗ್ರೌಂಡ್ ಕೂಡ ಬಾಡಿಗೆ ಹಾಕಬೇಡಿ. ರೇಡಿಯೇಟರ್ ಫ್ಯಾನ್ ಆನ್ ಆದಾಗ ಬಾಡಿ ಗ್ರೌಂಡ್ 50 ಮಿಲಿವೋಲ್ಟ್ ಎದ್ದರೂ ಸಾಕು, ಲಾಗ್‌ನಲ್ಲಿ 0.12 ಬಾರ್ ಸುಳ್ಳು ಪ್ರೆಶರ್ ಕಾಣುತ್ತದೆ. ಸೆನ್ಸರ್ ಗ್ರೌಂಡ್ ಲಾಗರ್‌ಗೇ ಹೋಗಬೇಕು.

ಸಪ್ತಾಪುರ_ವೈರ್

ಬದಲಿಸಿದೆ ಸರ್. 3.5ಕ್ಕೆ 3.49 ಬರುತ್ತಿದೆ! ಆದರೆ ಗೆರೆ ಗರಗಸದ ತರ ಇದೆ.

ರಾಯಾಪುರ_ಲಾಗ್

ಅದು ನಿಜವಾದ ಮಿಡಿತ. ನಾಲ್ಕು ಸಿಲಿಂಡರ್, 6000 ಆರ್‌ಪಿಎಂ ಅಂದರೆ ಸೆಕೆಂಡಿಗೆ 200 ಸಲ ಇಂಜೆಕ್ಟರ್ ತೆರೆದು ಮುಚ್ಚುತ್ತದೆ. ಪ್ರತಿ ಸಲ ರೈಲ್ ನಡುಗುತ್ತದೆ. ಸೆಕೆಂಡಿಗೆ ಹತ್ತೇ ಸಲ ಓದಿದರೆ ಒಮ್ಮೆ ತಲೆ, ಒಮ್ಮೆ ಬುಡ ಸಿಕ್ಕಿ, ಇಲ್ಲದ ಏರಿಳಿತ ಕಾಣುತ್ತದೆ. ಸಿಗ್ನಲ್ ವೈರಿಗೆ 10 ಕಿಲೊಓಮ್ ರೆಸಿಸ್ಟರ್, ಗ್ರೌಂಡಿಗೆ 1 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿ. 16 ಹರ್ಟ್ಜ್ ಮೇಲಿನದನ್ನು ಅದು ಮೆತ್ತಗೆ ಮಾಡುತ್ತದೆ. ಆಮೇಲೆ ಸೆಕೆಂಡಿಗೆ 50 ಸಲ ಓದಿ.

ಓಬಿಡಿಯಿಂದ ಬರುವ ಆರ್‌ಪಿಎಂ ತಡವಾಗಿ ಬರುತ್ತದೆ, ಅದೂ ನೆನಪಿರಲಿ. ಎರಡು ಲಾಗ್ ಜೋಡಿಸುವಾಗ ಎಕ್ಸಲರೇಟರ್ ಒಮ್ಮೆ ಗಕ್ಕನೆ ಒತ್ತಿ ಬಿಡಿ. ಆ ಗುರುತು ನೋಡಿ ಎರಡನ್ನೂ ಹೊಂದಿಸಿ.

ಬೆಟಗೇರಿ_ಡೀಸೆಲ್

ನನ್ನದು ಸ್ವಿಫ್ಟ್ ಡೀಸೆಲ್, ರೀಮ್ಯಾಪ್ ಆಗಿದೆ. ಈ ಸೆನ್ಸರನ್ನೇ ರೈಲ್‌ಗೆ ಹಾಕಬಹುದಾ ಅಣ್ಣಾ?

ಗೋಕುಲ್‌ರೋಡ್_ಲೇತ್

ಅಯ್ಯೋ ಮಾರಾಯಾ, ಬೇಡ! ಕಾಮನ್ ರೈಲ್‌ನಲ್ಲಿ ಸಾವಿರ ಬಾರ್ ಮೇಲೆ ಇರುತ್ತದೆ. 10 ಬಾರ್ ಸೆನ್ಸರ್ ಬುಲೆಟ್ ಆಗುತ್ತದೆ. ಆ ಪ್ರೆಶರ್‌ನಲ್ಲಿ ಸಣ್ಣ ಸೋರಿಕೆ ಇದ್ದರೂ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಕೈ ಕಳಕೊಂಡವರಿದ್ದಾರೆ.

ರಾಯಾಪುರ_ಲಾಗ್

ಬೇಕಾಗಿಯೂ ಇಲ್ಲ. ಕಾಮನ್ ರೈಲ್ ಗಾಡಿಗೆ ಕಂಪನಿಯೇ ರೈಲ್ ಸೆನ್ಸರ್ ಕೊಟ್ಟಿರುತ್ತದೆ, ಅದಿಲ್ಲದೆ ಇಂಜಿನ್ ನಡೆಯಲ್ಲ. ಓಬಿಡಿಯಿಂದ ಬೇಕಾದ ಪ್ರೆಶರ್, ಬಂದ ಪ್ರೆಶರ್ ಎರಡನ್ನೂ ಓದಿ ಹೋಲಿಸಿ. ಟಿಎಸ್‌ಐ ತರದ ಡೈರೆಕ್ಟ್ ಇಂಜೆಕ್ಷನ್ ಪೆಟ್ರೋಲ್ ಗಾಡಿಯವರಿಗೂ ಇದೇ ಮಾತು. ಅಲ್ಲಿ ಟ್ಯಾಂಕ್ ಪಂಪಿನಿಂದ ಬರುವ ಲೋ ಪ್ರೆಶರ್ ಕಡೆ ಮಾತ್ರ ಈ ಸೆನ್ಸರ್.

ಹಾವೇರಿ_ಕೆಂಪುಕಾರು

ನನ್ನದೂ ಒಂದು ಕೇಸ್. ಬೇಸಿಗೆಯಲ್ಲಿ ಬಿಸಿ ಇಂಜಿನ್ ಆಫ್ ಮಾಡಿ, ಚಹಾ ಕುಡಿದು ಬಂದು ಸ್ಟಾರ್ಟ್ ಮಾಡಿದರೆ ಸೆಲ್ಫ್ ತುಂಬಾ ಹೊತ್ತು ತಿರುಗುತ್ತದೆ. ಬೆಳಗ್ಗೆ ತಣ್ಣಗಿದ್ದಾಗ ಅಷ್ಟಿಲ್ಲ. ಈ ಸೆನ್ಸರ್ ಅದಕ್ಕೆ ಉಪಯೋಗಕ್ಕೆ ಬರುತ್ತಾ?

ರಾಯಾಪುರ_ಲಾಗ್

ಚೆನ್ನಾಗಿ ಬರುತ್ತದೆ. ಆಫ್ ಮಾಡಿದ ಮೇಲೂ ಲಾಗರ್ ಓಡುತ್ತಿರಲಿ. ಆರೋಗ್ಯವಂತ ಗಾಡಿಯಲ್ಲಿ ಇಂಜಿನ್ ಬಿಸಿಗೆ ಪ್ರೆಶರ್ ಮೊದಲು ಸ್ವಲ್ಪ ಏರಿ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ನಿಮ್ಮದರಲ್ಲಿ ಆಫ್ ಮಾಡಿದ ತಕ್ಷಣ ಧಡಕ್ಕನೆ ಬಿದ್ದರೆ ಪಂಪಿನ ಚೆಕ್ ವಾಲ್ವ್ ಇಲ್ಲವೇ ಇಂಜೆಕ್ಟರ್ ಸೋರುತ್ತಿದೆ. ಇಂಜೆಕ್ಟರ್ ಸೋರಿದ್ದರೆ ಸ್ಟಾರ್ಟ್ ಆದ ಕೂಡಲೇ ಹೊಗೆ, ಪೆಟ್ರೋಲ್ ವಾಸನೆ ಇರುತ್ತದೆ. ಪ್ರೆಶರ್ ಇಲ್ಲದಾಗ ಬಿಸಿ ರೈಲ್‌ನಲ್ಲಿ ಪೆಟ್ರೋಲ್ ಆವಿ ಆಗುತ್ತದೆ, ಅದಕ್ಕೇ ಬಿಸಿ ಇದ್ದಾಗ ಕಾಟ ಜಾಸ್ತಿ. ಸದ್ಯಕ್ಕೆ ಕೀ ಎರಡು ಮೂರು ಸಲ ಆನ್-ಆಫ್ ಮಾಡಿ ಪಂಪ್ ಪ್ರೈಮ್ ಆಗಲು ಬಿಟ್ಟು ನೋಡಿ. ಅದರಿಂದ ತಟ್ಟನೆ ಸ್ಟಾರ್ಟ್ ಆದರೆ ಅನುಮಾನ ಬಹುಪಾಲು ಖಚಿತ.

ಉಣಕಲ್_ಟರ್ಬೊ

ಎಲ್ಲರ ಕೇಸೂ ಮುಗೀತು, ನನ್ನ ಪಂಪ್ ಹಾಗೇ ಉಳೀತು 😄 ಆರ್ಡರ್ ಮಾಡಲಾ, ಬೇಡವಾ? ಮೊದಲ ಗ್ಯಾರೇಜಿನವರು ಐಡಲ್‌ನಲ್ಲಿ 3.5 ಇದೆ ಅಂದದ್ದು ಹಾಗಾದರೆ ಸುಳ್ಳಾ?

ರಾಯಾಪುರ_ಲಾಗ್

ನಂಬರ್ ಸುಳ್ಳಲ್ಲ, ತೀರ್ಮಾನ ತಪ್ಪು. ಐಡಲ್‌ನಲ್ಲಿ ಇಂಜಿನ್ ಕುಡಿಯೋದು ಗಂಟೆಗೆ ಒಂದು ಲೀಟರ್ ಚಿಲ್ಲರೆ. ಅರ್ಧ ಸತ್ತ ಪಂಪ್ ಕೂಡ ಆಗ 3.5 ಹಿಡಿಯುತ್ತದೆ. ನಲ್ಲಿ ನೀರಿನ ಕಥೆ ಹುಬ್ಬಳ್ಳಿಯವರಿಗೆ ನಾನು ಹೇಳಬೇಕಾ? ಎಲ್ಲ ಮನೆಯವರೂ ಒಟ್ಟಿಗೆ ನಲ್ಲಿ ತಿರುವಿದಾಗ ತಾನೆ ಲೈನಿನ ಹಣೆಬರಹ ಗೊತ್ತಾಗೋದು.

ಈಗ ಪೂರ್ತಿ ಲೋಡ್ ಲೆಕ್ಕ ನೋಡಿ. ನಿಮ್ಮ ಗಾಡಿ 150 ಕುದುರೆ ಶಕ್ತಿ ಕೊಡುತ್ತಿದೆ ಅಂತ ಹಿಡಿಯೋಣ. ರಿಚ್ ಮಿಕ್ಸ್ಚರ್ ಸೇರಿಸಿ ಗಂಟೆಗೆ 50 ಲೀಟರ್ ಆಸುಪಾಸು ಬೇಕು. ಸುಸ್ಥಿತಿಯಲ್ಲಿರುವ ಕಂಪನಿ ಪಂಪಿಗೆ ಅದು ದೊಡ್ಡ ಹೊರೆ ಅಲ್ಲ. ಹಾಗಾಗಿ "ಟ್ಯೂನ್ ಮಾಡಿದ್ದೀರಿ, ಪಂಪ್ ಚಿಕ್ಕದಾಯ್ತು" ಅನ್ನೋ ವಾದ ನನಗೆ ಹಿಡಿಸಲ್ಲ. ಪಂಪ್ ಹಳೆಯದಾಗಿರಬಹುದು, ಫಿಲ್ಟರ್ ಕಟ್ಟಿರಬಹುದು, ಇಲ್ಲಾ ಪಂಪಿಗೆ ಕರೆಂಟ್ ಸಾಲುತ್ತಿಲ್ಲ. ಮೊದಲು ಕೊನೇದು ನೋಡಿ, ಅದಕ್ಕೆ ದುಡ್ಡು ಬೇಡ. ಹಿಂದಿನ ಸೀಟ್ ಎತ್ತಿ, ಪಂಪ್ ಕನೆಕ್ಟರ್ ಹತ್ತಿರ ಎರಡು ವೈರ್ ಮಧ್ಯೆ ವೋಲ್ಟೇಜ್ ಅಳೆಯಿರಿ. ಇಂಜಿನ್ ಓಡುತ್ತಿರಬೇಕು, ಕನೆಕ್ಟರ್ ಸಿಕ್ಕಿಸಿಯೇ ಇರಬೇಕು. ಬಿಚ್ಚಿ ಅಳೆದರೆ ಲೋಡ್ ಇರಲ್ಲ, ಮೀಟರ್ ಎಲ್ಲ ಸರಿ ಇದೆ ಅಂತ ಸುಳ್ಳು ಹೇಳುತ್ತದೆ.

ಧಾರವಾಡ್_ಇ20

255 ಪಂಪ್ ಹಾಕಿಬಿಟ್ಟರೆ ಇದೆಲ್ಲ ತಲೆನೋವೇ ಇರಲ್ಲ ಅಲ್ವಾ? ದೊಡ್ಡದಿದ್ದರೆ ನಷ್ಟ ಏನು?

ಗೋಕುಲ್‌ರೋಡ್_ಲೇತ್

ನಷ್ಟ ಐತಿ. ಟ್ಯಾಂಕ್ ಒಳಗಿನ ರೆಗ್ಯುಲೇಟರ್ ಚಿಕ್ಕ ಪಂಪಿಗೆ ಅಂತ ಮಾಡಿದ್ದು. ದೊಡ್ಡ ಪಂಪ್ ತಳ್ಳುವಷ್ಟನ್ನು ಅದು ಹೊರಗೆ ಬಿಡಲಾರದೆ ಹೋದರೆ ಐಡಲ್‌ನಲ್ಲಿ ಪ್ರೆಶರ್ ಏರಿ ಕೂರುತ್ತದೆ. ಕರೆಂಟೂ ಜಾಸ್ತಿ ಎಳೆಯುತ್ತದೆ. ಹಳೆ ವೈರು, ಹಳೆ ಕನೆಕ್ಟರ್ ಅದೇ ಇದ್ದರೆ ಅವು ಇನ್ನೂ ಬಿಸಿಯಾಗುತ್ತವೆ.

ಉಣಕಲ್_ಟರ್ಬೊ

ಅಳೆದೆ. ನನಗೇ ನಂಬಿಕೆ ಬರ್ತಿಲ್ಲ. ಬ್ಯಾಟರಿಯಲ್ಲಿ 13.9 ಇದೆ. ಪಂಪ್ ಕನೆಕ್ಟರ್‌ನಲ್ಲಿ 11.4. ಐಡಲ್‌ನಲ್ಲೂ ಅಷ್ಟೇ, ರೇಸ್ ಮಾಡಿದರೂ ಅಷ್ಟೇ.

ಧಾರವಾಡ್_ಇ20

ರಿಲೇ ಕಿಟ್ ಹಾಕಿ. ಬ್ಯಾಟರಿಯಿಂದ ದಪ್ಪ ವೈರ್ ನೇರ ಪಂಪಿಗೆ.

ರಾಯಾಪುರ_ಲಾಗ್

ತಡೀರಿ. 2.5 ವೋಲ್ಟ್ ಎಲ್ಲಿ ಕಳೆದುಹೋಯ್ತು ಅಂತ ನೋಡದೆ ಹೊಸ ವೈರ್ ಯಾಕೆ? ಪ್ಲಸ್ ಕಡೆ ಬೇರೆ, ಮೈನಸ್ ಕಡೆ ಬೇರೆ ಅಳೆಯಿರಿ. ಮೀಟರಿನ ಒಂದು ತುದಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಪಂಪ್ ಪ್ಲಸ್‌ಗೆ. ಆಮೇಲೆ ಬ್ಯಾಟರಿ ಮೈನಸ್, ಪಂಪ್ ಮೈನಸ್. ಉದ್ದ ವೈರ್ ಬೇಕಾಗುತ್ತದೆ, ಅಷ್ಟೇ.

ಉಣಕಲ್_ಟರ್ಬೊ

ಪ್ಲಸ್ ಕಡೆ 0.4. ಮೈನಸ್ ಕಡೆ 2.1!

ಗ್ರೌಂಡ್ ವೈರ್ ಹಿಡಿದು ಹೋದೆ. ಹಿಂದಿನ ಸೀಟ್ ಕೆಳಗೆ ಕಾರ್ಪೆಟ್ ಅಡಿಯಲ್ಲಿ ಬಾಡಿಗೆ ಒಂದು ಬೋಲ್ಟ್ ಇದೆ, ನಾಲ್ಕೈದು ವೈರ್ ಅಲ್ಲಿಗೇ ಬರುತ್ತವೆ. ಕಾರ್ಪೆಟ್ ಒಳಗಿನ ಸ್ಪಂಜ್ ಒದ್ದೆ. ಬೋಲ್ಟ್ ಕೆಳಗೆ ಹಸಿರು ಪುಡಿ. ಪಂಪಿನ ಲಗ್ (ವೈರಿನ ತುದಿಯ ಲೋಹದ ರಿಂಗ್) ಎಲ್ಲಕ್ಕಿಂತ ಕೆಳಗೆ ಸಿಕ್ಕಿಕೊಂಡಿದೆ, ಅದರ ಪ್ಲಾಸ್ಟಿಕ್ ತೋಳು ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿದೆ. ಉಗುರಲ್ಲಿ ಒತ್ತಿದರೆ ಹಪ್ಪಳದ ಹಾಗೆ ಒಡೆಯಿತು.

ರಾಯಾಪುರ_ಲಾಗ್

ಪಂಪ್ ಆರೂವರೆ ಆಂಪಿಯರ್ ಎಳೆಯುತ್ತಿದ್ದರೆ 2.1 ವೋಲ್ಟ್ ಅಂದರೆ ಸುಮಾರು 14 ವ್ಯಾಟ್ ಆ ಒಂದು ಲಗ್‌ನಲ್ಲಿ ಬಿಸಿಯಾಗಿ ಹೋಗುತ್ತಿತ್ತು. ಅದಕ್ಕೇ ಕಂದಾಗಿದೆ. ಪಂಪ್ ನಿಧಾನ ತಿರುಗುತ್ತಿತ್ತು, ಐಡಲ್‌ಗೆ ಸಾಕಾಗುತ್ತಿತ್ತು, ಫುಲ್ ಬೂಸ್ಟ್‌ಗೆ ಸಾಕಾಗುತ್ತಿರಲಿಲ್ಲ.

ಹೊಸ ಲಗ್ ಕ್ರಿಂಪ್ ಮಾಡಿ, ಬಾಡಿಯ ಪೇಂಟ್ ಎಮರಿ ಪೇಪರ್‌ನಿಂದ ಉಜ್ಜಿ ಹೊಳೆಯುವ ತಗಡು ಕಾಣಿಸಲಿ. ಬಿಗಿ ಮಾಡಿದ ಮೇಲೆ ಗ್ರೀಸ್. ಒದ್ದೆ ಎಲ್ಲಿಂದ ಬಂತು ಅಂತಲೂ ಹುಡುಕಿ, ಇಲ್ಲದಿದ್ದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಇದೇ ಹಾಡು. ಬಾಗಿಲಿನ ಬೀಡಿಂಗ್ ನೋಡಿ.

ಹಾವೇರಿ_ಕೆಂಪುಕಾರು

ಫಿಲ್ಟರ್ ಕಟ್ಟಿದ್ದರೂ ಇದೇ ತರ ಪ್ರೆಶರ್ ಬೀಳುತ್ತಿತ್ತಲ್ವಾ? ಎರಡಕ್ಕೂ ವ್ಯತ್ಯಾಸ ಹೇಗೆ ಗೊತ್ತಾಗುತ್ತದೆ?

ರಾಯಾಪುರ_ಲಾಗ್

ಪಂಪ್ ಎಳೆಯುವ ಕರೆಂಟ್ ನೋಡಿ. ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಬೇಕು, ಎಲೆಕ್ಟ್ರಿಶಿಯನ್ ಹತ್ತಿರ ಇರೋದು ಸಾಮಾನ್ಯವಾಗಿ ಎಸಿಯದ್ದು. ಪಂಪಿನ ಮುಂದೆ ದಾರಿ ಕಟ್ಟಿದ್ದರೆ ಪಂಪ್ ತಳ್ಳಲು ಒದ್ದಾಡುತ್ತದೆ, ಕರೆಂಟ್ ಏರುತ್ತದೆ. ವೋಲ್ಟೇಜ್ ಕಡಿಮೆ ಇದ್ದರೆ ಕರೆಂಟೂ ಕಡಿಮೆ. ಪಂಪಿನ ಬುಡದ ಜಾಳಿಗೆ ಕಟ್ಟಿದ್ದರೆ ಗಾಳಿ ಗುಳ್ಳೆ ಎದ್ದು ಕರೆಂಟ್ ಕುಣಿಯುತ್ತದೆ, ಪಂಪ್ ಕಿರುಚುತ್ತದೆ.

ಉಣಕಲ್_ಟರ್ಬೊ

ಲಗ್ ಬದಲಿಸಿದೆ. ಪಂಪ್ ಹತ್ತಿರ ಈಗ 13.4. ಅದೇ ರಸ್ತೆ, ಅದೇ ಸೆಕೆಂಡ್ ಗೇರ್. 5800ಕ್ಕೂ ಪ್ರೆಶರ್ 3.45, ಗೆರೆ ಚಪ್ಪಟೆ.

ಆದರೆ ಹೊಸ ತಲೆನೋವು. ಲ್ಯಾಂಬ್ಡಾ 5000ದವರೆಗೆ 0.82, ಅಲ್ಲಿಂದ ಮುಂದೆ 0.77! ಲೀನ್ ಹೋಗಿ ಈಗ ರಿಚ್.

ರಾಯಾಪುರ_ಲಾಗ್

ಅವತ್ತು ಬರೆದಿಟ್ಟುಕೊಳ್ಳಿ ಅಂದಿದ್ದೆನಲ್ಲ, ಅದೇ ಇದು. 0.82ನ್ನು 0.77ರಿಂದ ಭಾಗಿಸಿ, 6 ಪರ್ಸೆಂಟ್ ಜಾಸ್ತಿ. ಅವತ್ತು 0.93 ಆಗಬೇಕಾದದ್ದು 0.88 ಆಗಿತ್ತು, ಅದನ್ನೂ ಭಾಗಿಸಿ, ಅಲ್ಲೂ 6 ಪರ್ಸೆಂಟ್ ಹತ್ತಿರ. ಹಿಂದಿನ ಓನರ್ ಕಾಲದಲ್ಲೇ ಪ್ರೆಶರ್ ಬೀಳಲು ಶುರುವಾಗಿರಬೇಕು. ಟ್ಯೂನ್ ಮಾಡಿದವರು ಮೇಲಿನ ಆರ್‌ಪಿಎಂನಲ್ಲಿ ಲೀನ್ ಕಂಡು, ಕಾರಣ ಹುಡುಕದೆ ಫೈಲ್‌ನಲ್ಲಿ ಪೆಟ್ರೋಲ್ ಸುರಿದಿದ್ದಾರೆ. ಆಮೇಲೆ ಲಗ್ ಇನ್ನಷ್ಟು ಹಾಳಾಯ್ತು, ಅದೂ ಸಾಕಾಗಲಿಲ್ಲ. ಈಗಿನ ಫೈಲನ್ನು ಕಂಪನಿ ಫೈಲ್ ಪಕ್ಕ ಇಟ್ಟು ನೋಡಿ.

ಉಣಕಲ್_ಟರ್ಬೊ

ನೋಡಿದೆ. 5000ದಿಂದ ಮೇಲಿನ ಸಾಲುಗಳಿಗೆಲ್ಲ ಒಂದೇ ಸಮ 6 ಪರ್ಸೆಂಟ್ ಸೇರಿಸಿದ್ದಾರೆ. ಕಾಪಿ ಪೇಸ್ಟ್ ಮಾಡಿದ ಹಾಗಿದೆ. ಬೇರೆ ಟ್ಯೂನರ್ ಹತ್ತಿರ ಲಾಗ್ ಸಮೇತ ಕಳಿಸಿದ್ದೇನೆ, ಆ ಸಾಲುಗಳನ್ನು ವಾಪಸ್ ಇಳಿಸುತ್ತಾರಂತೆ. ಅಲ್ಲಿಯವರೆಗೆ 5000 ದಾಟಿಸಲ್ಲ.

ಸಪ್ತಾಪುರ_ವೈರ್

ಅಣ್ಣಾ, ಕೆಲಸ ಮುಗೀತಲ್ಲ, ಸೆನ್ಸರ್ ಬಿಚ್ಚಿ ಇಡ್ತೀರಾ?

ರಾಯಾಪುರ_ಲಾಗ್

ಬಿಚ್ಚಬೇಡಿ. ಬಜರ್ ಸೇರಿಸಿ. ಬೂಸ್ಟ್ 0.3 ದಾಟಿದಾಗ ರೈಲ್ ಮತ್ತು ಮ್ಯಾನಿಫೋಲ್ಡ್ ವ್ಯತ್ಯಾಸ 2.4ಕ್ಕಿಂತ ಕೆಳಗೆ ಅರ್ಧ ಸೆಕೆಂಡ್ ಉಳಿದರೆ ಕೂಗಲಿ. ಅಷ್ಟಕ್ಕೆ ಲ್ಯಾಂಬ್ಡಾ 0.87 ಮುಟ್ಟಿರುತ್ತದೆ, ಕಾಲು ತೆಗೆಯಲು ಟೈಮ್ ಸಿಗುತ್ತದೆ. ಅರ್ಧ ಸೆಕೆಂಡ್ ಕಾಯುವ ಷರತ್ತು ಬಿಡಬೇಡಿ, ಇಲ್ಲದಿದ್ದರೆ ಪ್ರತಿ ಗೇರ್ ಬದಲಾವಣೆಗೂ ಕೂಗುತ್ತದೆ. ಇದಕ್ಕೆ ಓಬಿಡಿಯ ಮ್ಯಾನಿಫೋಲ್ಡ್ ಪ್ರೆಶರ್ ನಂಬಬೇಡಿ, ನಿಧಾನ. ಬೇರೆ ಒಂದು ಮ್ಯಾಪ್ ಸೆನ್ಸರ್ (ಮ್ಯಾನಿಫೋಲ್ಡ್ ಪ್ರೆಶರ್ ಅಳೆಯುವುದು) ಹಾಕಿಕೊಳ್ಳಿ.

ಉಣಕಲ್_ಟರ್ಬೊ

ತಮ್ಮಾ ಸಪ್ತಾಪುರ, ಬಜರ್ ಕೋಡ್ ನೀನೇ ಬರೆದು ಕೊಡು. ನ್ಯಾನೊ, ಮ್ಯಾಪ್ ಸೆನ್ಸರ್ ಖರ್ಚು ನನ್ನದು. ಭಾನುವಾರ ಗಾಡಿ ತಗೊಂಡು ಬರ್ತೇನೆ, ನಿನ್ನ ಪಾಲಿಯೋನ ಗ್ರೌಂಡ್ ಬೋಲ್ಟ್ ಕೂಡ ಬಿಚ್ಚಿ ನೋಡೋಣ.